ಕೂದಲೆಳೆ ಕೆಳಗಿನ ಗಾಂಧಾರ

ನಾನು ಹಿತ್ತಾಳೆಯ ಒಂದು ರೀಡು. ಪೇಟಿಯ, ಅಂದರೆ ಹಾರ್ಮೋನಿಯಂನ, ಹೊಟ್ಟೆಯೊಳಗೆ ಕುಳಿತು, ಗಾಳಿ ಬಂದಾಗ ನಡುಗಿ ದನಿ ಕೊಡುವುದು ನನ್ನ ಕೆಲಸ. ಹುಟ್ಟಿದ್ದು ಗದಗಿನಲ್ಲಿ, ಮಾಬುಸಾಬರ ಅಂಗಡಿಯಲ್ಲಿ. ಅವರು ನನ್ನನ್ನು ಅರದಿಂದ ಉಜ್ಜಿ, ತುಟಿಗಿಟ್ಟು ಊದಿ ನೋಡಿ, ಬೆರಳಿನಿಂದ ಒತ್ತುವ ‘ಬಿಳಿ ಒಂದು’ ಎಂಬ ಪಟ್ಟಿಯ ಕೆಳಗೆ ಕೂರಿಸಿದರು. ಅಕ್ಕಪಕ್ಕದವರೊಂದಿಗೆ ಸಮ ಅಂತರ. ಯಾರ ತಂಟೆಗೂ ಹೋಗದ ಬದುಕು.

ನಮ್ಮ ಪೇಟಿಯನ್ನು ಕೊಂಡವಳು ಹಾಡುಗಾರ್ತಿ ಗಿರಿಜವ್ವ. ಅವಳ ಷಡ್ಜ ‘ಕರಿ ನಾಲ್ಕು’. ಅಲ್ಲಿಂದ ಎಣಿಸಿದರೆ ಅವಳ ಗಾಂಧಾರ ನಾನೇ. ತಂಬೂರಿಯೊಂದಿಗೆ ಹಾಡಿದಾಗ ಅವಳ ಗಾಂಧಾರಕ್ಕೆ ಮೈ ಜುಮ್ಮೆನ್ನುತ್ತಿತ್ತು. ಯಾರಾದರೂ ಪೇಟಿ ಹಿಡಿದರೋ, ನನಗೂ ಅವಳಿಗೂ ಜಟಾಪಟಿ. ಅವಳೇ ಶ್ರುತಿಯಿಂದ ಕೆಳಗಿಳಿಯುತ್ತಾಳೆ ಎಂದು ಎಲ್ಲರೂ ಅಂದರು. ಪೇಟಿ ತಪ್ಪುವುದುಂಟೇ? ಕೊನೆಗೆ ಅವಳೂ ನಂಬಿಬಿಟ್ಟಳು. ಪಾಠಕ್ಕೆ ಬರುತ್ತಿದ್ದ ಹುಡುಗಿಯರನ್ನು ಬೇರೆಡೆಗೆ ಕಳಿಸಿ, ಪೇಟಿ ಮಾರಲು ಮಾಬುಸಾಬರ ಅಂಗಡಿಗೇ ಬಂದಳು.

“ಇನ್ನ ನಾ ಹಾಡಂಗಿಲ್ರಿ ಅಣ್ಣಾರ. ನನ್ನ ಕಿವಿ ಕೆಟ್ಟೈತಿ.”

“ಒಂದ ಸಲ ತಂಬೂರಿ ಮ್ಯಾಲ ಹಾಡ ತಂಗಿ,” ಎಂದರು ಅವರು.

ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಪಟ್ಟಿ ಒತ್ತಿದರು.

“ಕಿವಿ ಚಲೋ ಐತವಾ. ತಂಬೂರಿ ತಂತಿ ಒಳಗ ಇರೂ ಗಾಂಧಾರನ ನೀ ಹಾಡಾಕತ್ತಿ. ಪೇಟಿಯಾಗ ಎಲ್ಲಾ ಪಟ್ಟಿಗೂ ಒಂದ ಅಳತಿ ಹಂಚತೀವಿ. ಹಂಗಾಗಿ ಇದು ಕೂದಲೆಳಿಯಷ್ಟ ಏರೈತಿ.”

ಅಂದರೆ ತಪ್ಪು ನನ್ನದು. ನಾಚಿಕೆಯಾಯಿತು. ನನ್ನ ದನಿ ಕೂದಲೆಳೆಯಷ್ಟು ಇಳಿಯಲೆಂದು ಮಾಬುಸಾಬರು ನನ್ನ ಬೇರಿನ ಕಡೆ ಎರಡೇ ಸಲ ಕೆರೆದರು. ಅವಳು ಹಾಡಿದಳು, ನಾನು ನುಡಿದೆ. ಯಾವುದು ಯಾರ ದನಿ ಎಂದು ನನಗೇ ತಿಳಿಯಲಿಲ್ಲ. ಗಿರಿಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪೇಟಿಯನ್ನು ಮನೆಗೆ ಹೊರಿಸಿಕೊಂಡು ಹೋದಳು. ಹುಡುಗಿಯರೂ ಒಬ್ಬೊಬ್ಬರಾಗಿ ಮರಳಿದರು.

ಹನ್ನೆರಡು ವರ್ಷ ಸುಖವಾಗಿದ್ದೆ. ಆಮೇಲೆ ಅವಳು ತಂಬೂರಿಯೊಂದೇ ಸಾಕೆಂದು ಪೇಟಿಯನ್ನು ಭಜನಾ ಮಂಡಳಿಯ ರುದ್ರಯ್ಯನವರಿಗೆ ಕೊಟ್ಟಳು. ಅವರ ಷಡ್ಜ ‘ಬಿಳಿ ಒಂದು’, ಅಂದರೆ ನಾನೇ! ಗಾಂಧಾರವಾಗಿ ಮೆರೆದವನು ಷಡ್ಜವಾಗಿ ಮಾನ ಕಳೆದುಕೊಂಡೆ. ಕೂದಲೆಳೆಯಷ್ಟು ಇಳಿದಿದ್ದ ನನಗೆ ಉಳಿದ ಪಟ್ಟಿಗಳು ಯಾವುವೂ ಹೊಂದಲಿಲ್ಲ; ಇಡೀ ಭಜನೆ ನನ್ನ ಮೇಲೆ ಮುನಿಯಿತು. ರುದ್ರಯ್ಯನವರು ಪೇಟಿಯನ್ನು ಮತ್ತೆ ಅದೇ ಅಂಗಡಿಗೆ ತಂದರು.

“ಇದನ್ನ ಇನ್ನೊಮ್ಮೆ ಕೆರದ್ರ ಮುರೀತೈತ್ರಿ,” ಎಂದು ಮಾಬುಸಾಬರು ನನ್ನನ್ನು ತೆಗೆದು ಹೊಸಬನನ್ನು ಕೂರಿಸಿದರು. ನನ್ನನ್ನು ಗುಜರಿ ಡಬ್ಬಿಗೆ ಹಾಕಲು ಮಾತ್ರ ಅವರಿಗೆ ಕೈ ಬರಲಿಲ್ಲ. ಕಾಗದದಲ್ಲಿ ಸುತ್ತಿ ಗಿರಿಜವ್ವನಿಗೆ ಕಳಿಸಿಕೊಟ್ಟರು.

ಈಗ ತಂಬೂರಿಯ ಪಕ್ಕದ ಗೂಡಿನಲ್ಲಿದ್ದೇನೆ. ಸುತ್ತ ಪಟ್ಟಿಗಳಿಲ್ಲ, ಯಾರ ಅಳತೆಗೂ ಹೊಂದಬೇಕಾಗಿಲ್ಲ. ನಿನ್ನೆ ಒಬ್ಬ ಹುಡುಗಿ ಗಾಂಧಾರಕ್ಕೆ ತಡವರಿಸಿ, “ನನ್ನ ಕಿವಿನ ಸರಿ ಇಲ್ರಿ ಅಕ್ಕಾರ,” ಎಂದು ತಲೆ ತಗ್ಗಿಸಿದಳು. ಗಿರಿಜವ್ವ ನನ್ನನ್ನು ಎತ್ತಿ, ಸೆರಗಿನಿಂದ ಒರೆಸಿ, ತುಟಿಗಿಟ್ಟು ಊದಿದಳು.

“ಕಿವಿ ಚಲೋ ಐತವಾ. ಇದನ್ನ ಕೇಳಿ ಹಾಡು.”

ಹುಡುಗಿ ತಲೆ ಎತ್ತಿ ಹಾಡಿದಳು. ಗಿರಿಜವ್ವ ಊದುವುದನ್ನು ನಿಲ್ಲಿಸಿದ ಮೇಲೂ ನನ್ನ ಗಾಂಧಾರ ಆ ಕೋಣೆಯಲ್ಲಿತ್ತು.