ಕ್ಲಾಸಿನ ಫೋಟೋ

ಇಥಿಯೋಪಿಯಾದಲ್ಲಿ ಒಂದು ವರ್ಷ ಲೆಕ್ಕ ಕಲಿಸಿ ಈರಬಸಪ್ಪ ಹಿರೇಗುಂಟನೂರಿಗೆ ಮರಳಿದ್ದು ಎಪ್ಪತ್ತೈದರ ಬೇಸಗೆಯಲ್ಲಿ. ಅಲ್ಲಿ ದಂಗೆಯೆದ್ದು ಶಾಲೆ ಮುಚ್ಚಿತ್ತು. ಮಕ್ಕಳು ದಿಕ್ಕಾಪಾಲಾಗಿದ್ದರು.

ಸಂಜೆ ಕುರಿರೊಪ್ಪದ ಬಾಗಿಲಲ್ಲಿ ಕೂತಿದ್ದ ಅಪ್ಪ ತಿಮ್ಮರಾಯಪ್ಪನ ಕೈಗೆ, ಕೊನೆಯ ದಿನ ತೆಗೆಸಿದ್ದ ಕ್ಲಾಸಿನ ಫೋಟೋ ಕೊಟ್ಟ. "ಅರವತ್ತು ಮಕ್ಕಳು ಕಣಪ್ಪಾ. ಎಲ್ಲಾ ನನ್ನ ಕೈಯಾಗೆ ಕಲಿತವು," ಎಂದು ಜಂಬ ಕೊಚ್ಚಿಕೊಂಡ.

ಮುದುಕ ಫೋಟೋವನ್ನು ಬೆಳಕಿಗೆ ಹಿಡಿದ. ಹಿಂಡಿನ ಒಂದೊಂದು ಕುರಿಯ ಮುಖವನ್ನೂ ಬಲ್ಲ ಕಣ್ಣು ಅವನದು.

"ಇವ್ನ ಹೆಸ್ರೇನ್ಲಾ?"

"ಹದಿನಾಲ್ಕು."

"ಅದೆಂಥ ಹೆಸರು?"

ಆ ಹೆಸರುಗಳಿಗೆ ನಾಲಿಗೆ ಹೊರಳುವುದಿಲ್ಲವೆಂದು ಈರಬಸಪ್ಪ ವರ್ಷವಿಡೀ ನಂಬರಿನಲ್ಲೇ ಹಾಜರಿ ಕೂಗಿದ್ದ. ಲೆಕ್ಕದ ಮೇಷ್ಟರಿಗೆ ಅಷ್ಟೇ ಸಾಕಿತ್ತಲ್ಲ!

ಅಪ್ಪನ ಬೆರಳು ಮುಖದಿಂದ ಮುಖಕ್ಕೆ ಸರಿಯುತ್ತಾ ಮುಂದಿನ ಸಾಲಿನ ಹುಡುಗಿಯೊಬ್ಬಳ ಮೇಲೆ ನಿಂತಿತು. "ಈ ಕೂಸು ಅತ್ಕಂಡು ಬಂದೈತೆ. ಏನಾಗಿತ್ತಂತೆ?"

ಈರಬಸಪ್ಪ ಫೋಟೋ ಕಸಿದುಕೊಂಡು ನೋಡಿದ. ಹೌದು, ಅವಳ ಕಣ್ಣು ಊದಿದ್ದವು. ವರ್ಷವೆಲ್ಲ ಅವನ ಎದುರಿಗೇ ಕೂತಿದ್ದ ಹುಡುಗಿ. ಈಗ ಹೋಗಿ ಕೇಳೋಣವೆಂದರೆ ಆ ಶಾಲೆಯೇ ಇಲ್ಲ. ಯಾರ ಮೂಲಕವಾದರೂ ಒಂದು ಕಾಗದ ಕಳಿಸೋಣವೆಂದರೆ, ಲಕೋಟೆಯ ಮೇಲೆ ಬರೆಯಲು ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ.