ನಿಲ್ಲದ ನೂರರ ಚಕ್ರ

ಫೋನು ಎತ್ತಿದಾಗ ಅಕ್ಕನಿಗೆ ಮೊದಲು ಕೇಳಿಸಿದ್ದು ತಮ್ಮನ ದನಿಯಲ್ಲ, ಅವನ ಬೆನ್ನ ಹಿಂದಿನಿಂದ ಬರುತ್ತಿದ್ದ ಸದ್ದು. ಟಕ್, ಟಕ್, ಟಕ್, ಟಕ್.

"ಏನೋ ಅದು?"

"ಅದಕ್ಕೇ ಫೋನ್ ಮಾಡಿದ್ದು ಕಣೇ ಅಕ್ಕ. ನಿಲ್ತಾನೇ ಇಲ್ಲ."

"ಮೊದಲು ಪ್ಲಗ್ ಕಿತ್ತು ಹಾಕು! ಕಾಯಿಲ್ ಸುಟ್ಟು ಕರಕಲಾಗುತ್ತೆ. ನಾನು ಬರೋವರೆಗೂ ಮುಟ್ಟಬೇಡ."

ಅಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದವಳು. ಆಗೆಲ್ಲ ಅಲ್ಲಿ ಸಾಲುಸಾಲು ರಿಲೇಗಳಿದ್ದವು. ಕರೆಂಟು ಬಂದರೆ ಆಯಸ್ಕಾಂತವಾಗಿ ಹಿತ್ತಾಳೆ ಪಟ್ಟಿಗಳನ್ನು ಎಳೆದುಕೊಳ್ಳುವ, ಹೋದರೆ ಬಿಟ್ಟುಬಿಡುವ ಪುಟ್ಟ ಸ್ವಿಚ್ಚುಗಳು. ಬಾಗಿಲಲ್ಲಿ ನಿಂತೇ, ಯಾವ ಸಾಲು ತಪ್ಪುತ್ತಿದೆ ಎಂದು ಸದ್ದಿನಿಂದ ಹೇಳಿಬಿಡುತ್ತಿದ್ದಳು. ಜೊತೆಯವರು ಅವಳನ್ನು 'ಕಿವಿಯಕ್ಕ' ಎನ್ನುತ್ತಿದ್ದರು. ಆಮೇಲೆ ಹೊಸ ಪೆಟ್ಟಿಗೆಗಳು ಬಂದವು, ಸದ್ದೇ ಮಾಡದಂಥವು. ಹಳೆಯದೆಲ್ಲ ಗುಜರಿಗೆ ಹೋಯಿತು. ನಿವೃತ್ತಿಯಾದ ಮೇಲೆ ಅಕ್ಕಪಕ್ಕದವರ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ. ಆನೆ ಪಳಗಿಸಿದವಳಿಗೆ ಇಲಿ ಹಿಡಿಯುವ ಕೆಲಸ ಎಂದು ತಾನೇ ನಗುತ್ತಿದ್ದಳು.

"ಸಂಜೆಯೊಳಗೆ ಬಂದ್ಬಿಡ್ತೀನಿ" ಎಂದು ಗಂಡನಿಗೆ ಹೇಳಿ, ಸಾಮಾನಿನ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು.

ತಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿಗೂ ನಿಲುಗನ್ನಡಿಗೂ ನಡುವೆ ಅದು ನಿಂತಿತ್ತು: ಪಿನ್‌ಬಾಲ್ ಯಂತ್ರ. ಇಳಿಜಾರಾದ ಗಾಜಿನ ಮೇಜು, ಒಳಗೆ ಉಕ್ಕಿನ ಗುಂಡು, ಅದನ್ನು ಹೊಡೆಯಲು ಎರಡು ಪುಟ್ಟ ರೆಕ್ಕೆ, ತಲೆಯ ಮೇಲೆ ಅಂಕ ತೋರಿಸುವ ನಾಲ್ಕು ಚಕ್ರ, ಬಿಡಿ, ಹತ್ತು, ನೂರು, ಸಾವಿರಕ್ಕೆ ಒಂದೊಂದು. ಊರಿನ ಸ್ಕೇಟಿಂಗ್ ಹಾಲ್ ಮುಚ್ಚುವಾಗ ತಂದದ್ದು.

"ಬನ್ನಿ ಅತ್ತಿಗೆ" ಎಂದಳು ತಮ್ಮನ ಹೆಂಡತಿ, ಕಾಜಾ ಹೊಲಿಯುತ್ತಲೇ. "ಹೊಲಿಗೆ ಮಿಷನ್ ತರ್ತೀನಿ ಅಂತ ಹೋದೋರು ಇದನ್ನ ಹೊತ್ಕೊಂಡು ಬಂದ್ರು. ಈಗ ಅಳತೆ ಕೊಡೋಕೆ ಬರೋರು ಏಡಿ ಥರ ಅಡ್ಡಡ್ಡ ನಡೀಬೇಕು."

ಅಕ್ಕನಿಗೆ ಅದು ಕೇಳಿಸಲೇ ಇಲ್ಲ. ತಮ್ಮ ಮೇಲಿನ ಹಲಗೆ ಎತ್ತಿ ನಿಲ್ಲಿಸಿದ್ದ. ಕೆಳಗೆ ಬಟ್ಟೆ ಸುತ್ತಿದ ವೈರುಗಳ ಕಂತೆ, ಅದರ ನಡುವೆ ರಿಲೇಗಳು, ಒಂದಲ್ಲ ಎರಡಲ್ಲ, ಸಾಲಾಗಿ.

"ಅಯ್ಯೋ, ನೀವೆಲ್ಲ ಇಲ್ಲಿ ಬಂದು ಸೇರ್ಕೊಂಡಿದ್ದೀರಾ!" ಎಂದಳು, ಬಹಳ ದಿನಕ್ಕೆ ಸಿಕ್ಕ ನೆಂಟರಿಗೆ ಹೇಳುವಂತೆ.

"ಬಟನ್ ಒತ್ತಿದ್ರೆ ನಾಲ್ಕೂ ಚಕ್ರ ಸೊನ್ನೆಗೆ ಬಂದು ನಿಲ್ಲಬೇಕು, ಆಮೇಲೆ ಗುಂಡು ಹೊರಗೆ ಬರಬೇಕು" ಎಂದ ತಮ್ಮ. "ನೂರರ ಚಕ್ರ ನಿಲ್ಲಲ್ಲ, ಗುಂಡೂ ಬರಲ್ಲ. ಮೋಟಾರ್ ಹೋಗಿರಬೇಕು."

"ಮೋಟಾರ್ ಹೋಗಿದ್ರೆ ಟಕ್ ಅನ್ನೋದು ನಮ್ಮಜ್ಜಿನಾ? ಪ್ಲಗ್ ಹಾಕಿ ಬಟನ್ ಒತ್ತು, ಹತ್ತು ಎಣಿಸಿ ಕಿತ್ತುಬಿಡು."

ಅವಳು ಕಣ್ಣು ಮುಚ್ಚಿ ಕೇಳಿದಳು. ಆಗಲೇ ಸೊನ್ನೆಯಲ್ಲಿದ್ದ ಮೂರು ಚಕ್ರ ಸುಮ್ಮನಿದ್ದವು. ನೂರರದ್ದು ಮಾತ್ರ ಸೊನ್ನೆ ದಾಟಿ ಮತ್ತೆ ಒಂದು, ಎರಡು, ಮೂರು.

"ಪ್ರತಿ ಚಕ್ರಕ್ಕೂ ಒಂದು ಸ್ವಿಚ್ ಇರುತ್ತೆ. ಸೊನ್ನೆ ಬಂದಾಗ ಅದರ ಪಟ್ಟಿಗಳು ಬಿಟ್ಟುಕೋಬೇಕು, ಆಗ ಆ ಚಕ್ರಕ್ಕೆ ಕರೆಂಟು ನಿಲ್ಲುತ್ತೆ. ಇಲ್ಲಿ ಬಿಡ್ತಾ ಇಲ್ಲ, ಅಷ್ಟೇ."

ಪ್ಲಗ್ ಕಿತ್ತಿದ್ದನ್ನು ತಾನೇ ನೋಡಿ ಖಾತ್ರಿ ಮಾಡಿಕೊಂಡು, ಚಕ್ರವನ್ನು ಕೈಯಿಂದ ಸೊನ್ನೆಗೆ ತಿರುಗಿಸಿದಳು. ಪಟ್ಟಿಗಳ ನಡುವೆ ಕಾಗದದ ಚೂರು ತೂರಿಸಿದಳು. ಸಲೀಸಾಗಿ ಆಚೆ ಬಂತು. ಪಟ್ಟಿಗಳು ಬಿಟ್ಟುಕೊಂಡೇ ಇದ್ದವು!

"ಸ್ವಿಚ್ ಸರಿಯಾಗಿದೆ" ಎಂದಳು. ನಿರಾಸೆಯ ಬದಲು ಅವಳ ಮುಖ ಇನ್ನಷ್ಟು ಅರಳಿತು. "ಭಲೇ! ಇದು ಸುಲಭದ್ದಲ್ಲ."

ಚೀಲದಿಂದ ಬ್ಯಾಟರಿ, ಟಾರ್ಚಿನ ಬಲ್ಬು, ಎರಡು ವೈರು ಹೊರಬಂದವು. ಸೊನ್ನೆಯಲ್ಲಿದ್ದ ಹತ್ತರ ಚಕ್ರದ ಸ್ವಿಚ್ಚಿಗೆ ವೈರು ಮುಟ್ಟಿಸಿದಳು: ಬಲ್ಬು ಹತ್ತಲಿಲ್ಲ. ನೂರರದ್ದಕ್ಕೆ ಮುಟ್ಟಿಸಿದಳು: ಝಗ್ಗೆಂದು ಉರಿಯಿತು.

"ನೋಡಿದ್ಯೇನೋ! ಮುಂಬಾಗಿಲು ಹಾಕಿದೆ, ಕರೆಂಟು ಹಿತ್ತಲ ಬಾಗಿಲಿಂದ ನುಗ್ತಾ ಇದೆ. ಹಿಂದುಗಡೆ ನೋಡಬೇಕು. ಕನ್ನಡಿ ಕೊಡಿ ಯಾರಾದ್ರೂ!"

ಕೈಗನ್ನಡಿ ತಂದವಳು ತಮ್ಮನ ಹೆಂಡತಿ. ಸೂಜಿಯ ಕಣ್ಣಿಗೆ ದಾರ ಪೋಣಿಸಿ ಪಳಗಿದ ದೃಷ್ಟಿ. ಚಕ್ರದ ಹಿಂದೆ ಕನ್ನಡಿ ಹಿಡಿದು ಬಗ್ಗಿದವಳೇ, "ಅತ್ತಿಗೆ, ಎರಡು ವೈರಿನ ಮಧ್ಯೆ ಬೆಳ್ಳಿ ಹನಿ ಥರ ಏನೋ ಅಂಟಿದೆ" ಎಂದಳು.

ಅಕ್ಕನೂ ನೋಡಿದಳು. ಬೆಸುಗೆಯ ಹನಿ. ಎರಡೂ ತುದಿಗಳನ್ನು ಸೇತುವೆಯಂತೆ ಕೂಡಿಸಿತ್ತು.

"ಹೊಳೀತಾ ಇದೆ. ಹೊಸದು. ಯಾರಪ್ಪ ಇದನ್ನ ಹಾಕಿದ ಮಹಾನುಭಾವ?"

ತಮ್ಮ ಛಾವಣಿ ನೋಡತೊಡಗಿದ. "ತಂದಾಗ ಆ ಚಕ್ರ ತಿರುಗ್ತಾನೇ ಇರ್ಲಿಲ್ಲ... ವೈರ್ ಬಿಟ್ಟಿತ್ತು... ಮೊನ್ನೆ ನಾನೇ ಸ್ವಲ್ಪ..."

"ಸ್ವಲ್ಪನಾ? ಇಡ್ಲಿ ಹಿಟ್ಟು ಹುಯ್ದಂಗೆ ಹುಯ್ದಿದ್ದೀಯ!"

ಅವನ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. ತಮ್ಮನೂ ನಗದೆ ಇರಲಾಗಲಿಲ್ಲ.

ಸೋಲ್ಡರಿಂಗ್ ಐರನ್ ಕಾಯುವುದರೊಳಗೆ ಅಕ್ಕ ಎರಡು ಸಲ ಎದ್ದು ಕೂತಳು. ಹನಿಯನ್ನು ಕರಗಿಸಿ ತೆಗೆದು, ಬಲ್ಬು ಹತ್ತುವುದಿಲ್ಲವೆಂದು ನೋಡಿ, ನಾಲ್ಕೂ ಚಕ್ರಗಳನ್ನು ಕೈಯಿಂದ ಸೊನ್ನೆ ಬಿಟ್ಟು ಅತ್ತಿತ್ತ ತಿರುಗಿಸಿಟ್ಟು, "ಹೂಂ, ಹಾಕು" ಎಂದಳು.

ಬಟನ್ ಒತ್ತಿದರು. ಟಕಟಕ ಎಂದು ಚಕ್ರಗಳು ಹೊರಟವು. ಒಂದು ನಿಂತಿತು. ಇನ್ನೊಂದು. ಮತ್ತೊಂದು. ನೂರರದ್ದು ಎಂಟು, ಒಂಬತ್ತು... ಸೊನ್ನೆ. ನಿಂತೇ ಬಿಟ್ಟಿತು! ಒಳಗೆಲ್ಲೋ ಧಡ್ ಎಂದಿತು, ಗುಂಡು ಉರುಳಿ ಬಂದು ಎದುರಿಗೆ ಕೂತಿತು.

ತಮ್ಮ ಕುಣಿದೇಬಿಟ್ಟ, ಕೊರಳಲ್ಲಿದ್ದ ಅಳತೆ ಟೇಪು ಹಾರಿಬಿತ್ತು. ಅವನು ಬಗ್ಗಿ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಹೆಂಡತಿ ಅವನ ಜಾಗದಲ್ಲಿ ನಿಂತು ಗುಂಡು ಚಿಮ್ಮಿಸಿದ್ದಳು. ದೀಪಗಳು ಹತ್ತಿದವು, ಗಂಟೆ ಬಾರಿಸಿತು, ಗುಂಡು ಗೋಡೆಯಿಂದ ಗೋಡೆಗೆ ಪುಟಿಯಿತು.

"ರೀ, ಸರೀರಿ ಆ ಕಡೆ! ನಂಗೆ ಕಾಣ್ತಿಲ್ಲ!"

"ತಡಿ!" ಎಂದು ಅಕ್ಕ ಕೂಗಿದಳು. "ಈಗ ಗುಂಡು ಹೊಡೆದದ್ದು ಎಷ್ಟು ಅಂಕದ ಗುರಿ?"

"ಐವತ್ತರದ್ದು."

"ಹತ್ತಕ್ಕೊಂದು ಏಟು, ಐವತ್ತಕ್ಕೆ ಐದು ಏಟು ಗಂಟೆ ಬಾರಿಸಬೇಕು. ನಾಲ್ಕೇ ಕೇಳಿಸ್ತು! ಅಂಕ ನೋಡಿ."

ನೋಡಿದರು. ನಲವತ್ತು.

ತಮ್ಮನ ಮುಖ ಸಪ್ಪೆಯಾಯಿತು. "ಮತ್ತೆ ಕೆಟ್ಟೋಯ್ತಾ?"

"ಕೆಟ್ಟಿಲ್ಲ ಕಣೋ, ಎಲ್ಲೋ ಒಂದು ಏಟು ನುಂಗ್ತಾ ಇದೆ!" ಅಕ್ಕನ ಕಣ್ಣು ಮಿನುಗಿದವು. "ನೀನು ಆಡ್ತಾ ಇರಮ್ಮ, ಅಲ್ಲಿಗೇ ಹೊಡಿ, ಅಲ್ಲಿಗೇ" ಎನ್ನುತ್ತ ಯಂತ್ರದ ಪಕ್ಕೆಗೆ ಕಿವಿಯೊತ್ತಿ ನೆಲದ ಮೇಲೆ ಕೂತುಬಿಟ್ಟಳು. ಒಂದು ಕೈಯಲ್ಲಿ ಗಂಡನಿಗೆ ಫೋನು.

"ರೀ, ನಾನು ಇವತ್ತು ಬರಲ್ಲ. ನಾಳೆನೂ ಅನುಮಾನ. ಅಡುಗೆ ನೀವೇ ಮಾಡ್ಕೊಳ್ಳಿ... ಏನಿಲ್ಲ, ಎಲ್ಲರೂ ಚೆನ್ನಾಗಿದ್ದೀವಿ. ಇಲ್ಲಿ ಒಂದು ಏಟು ಕಾಣೆಯಾಗಿದೆ, ಹುಡುಕಬೇಕು."