ಕಂದಿಕೆರೆಗೆ ಕೊಟ್ಟ ಬೀಜ

ಗಂಡ ಕಾಂತೇಶ್ ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ತೋಟದಿಂದ ಓಡಿ ಬಂದಾಗ ಅನುಪಮಾ ಹಸುವಿಗೆ ಬೂಸಾ ಕಲಸುತ್ತಿದ್ದಳು. ಅವನ ಕತ್ತು, ತೋಳು, ಬೆನ್ನೆಲ್ಲ ದದ್ದು ಎದ್ದು ಕೆಂಪಾಗಿತ್ತು.

"ಸಗಣಿ ತಾರೇ, ಬೇಗ!" ಎನ್ನುತ್ತ ಕೊಟ್ಟಿಗೆಯ ಕಂಬಕ್ಕೆ ಬೆನ್ನು ಉಜ್ಜತೊಡಗಿದ.

ಅವಳು ಹಸಿ ಸಗಣಿ ಮೆತ್ತುತ್ತ, "ಏನ್ ತಾಗಿಸ್ಕೊಂಡ್ರಿ?" ಎಂದಳು.

"ಇನ್ನೇನು, ನಿನ್ ಬಳ್ಳಿ! ಬೇಲಿ ಪಕ್ಕದ ತೆಂಗಿನ ಸಸಿಗೆ ಸುತ್ಕೊಂಡಿತ್ತು, ಬಿಡಿಸಾಣ ಅಂತ ಕೈ ಹಾಕ್ದೆ. ನಸುಗುನ್ನಿ ಕಣೇ ಅದು!"

ಆ ಬಳ್ಳಿಯನ್ನು ತಂದವಳು ಅನುಪಮಾಳೇ. ಮುಂಗಾರಿಗೆ ಮುಂಚೆ ತಿಪಟೂರಿನಲ್ಲಿ ನಡೆದ ತೆಂಗಿನ ತರಬೇತಿಗೆ ಹೋಗಿದ್ದಾಗ ರೈತರೊಬ್ಬರು ಚೀಲದಿಂದ ಬೊಗಸೆ ಬೊಗಸೆ ಬೀಜ ಹಂಚಿದ್ದರು. ಮರಗಳ ನಡುವೆ ಚೆಲ್ಲಿದರೆ ನೆಲ ಮುಚ್ಚುತ್ತೆ, ಕಳೆ ಏಳೋದಿಲ್ಲ, ಕೊಳೆತು ಗೊಬ್ಬರ ಆಗುತ್ತೆ ಎಂದಿದ್ದರು. ಕಾಡಿನ ನಸುಗುನ್ನಿಯ ಜಾತಿಯೇ, ಆದರೆ ಇದರ ಕಾಯಿ ತುರಿಸೋದಿಲ್ಲ ಎಂದೂ ಹೇಳಿದ್ದರು. ಅವರು ಹೇಳಿದ ಹಾಗೇ ಆಯಿತು. ಬೋಳು ಹೊಡೆದಿದ್ದ, ಹಾಲ್ಕುರಿಕೆಯ ಅವಳ ತೋಟ ದೀಪಾವಳಿ ಹೊತ್ತಿಗೆ ಹಸಿರು ಹೊದ್ದುಕೊಂಡಿತು. ಸಸಿಗಳ ಮೇಲೆ ಹತ್ತಿದ ಕುಡಿಗಳನ್ನು ಆಗಾಗ ಬಿಡಿಸಿ ಕೆಳಗೆ ಹಾಕುವುದೊಂದೇ ಕೆಲಸ.

ಅವಳು ತಲೆಗೆ ಟವಲ್ ಸುತ್ತಿಕೊಂಡು, ಕೋಲು ಹಿಡಿದು ಬೇಲಿಯವರೆಗೆ ಹೋದಳು. ಎಲ್ಲ ಕಡೆಯೂ ಒಂದೇ ಥರದ ಮೂರೆಲೆ, ಒಂದೇ ಥರ ಬಾಡಿದ ನೇರಳೆ ಹೂವಿನ ಗೊಂಚಲು. ನೆಲದ ಮೇಲಿನ ಕಾಯಿಗಳ ಮೈಯಲ್ಲಿ ಮಖಮಲ್ಲಿನಂಥ ಕಪ್ಪು ನವಿರಿತ್ತು. ಬೇಲಿ ಪಕ್ಕದ ಬುಡವೊಂದರಲ್ಲಿ ಮಾತ್ರ ಕಾಯಿಗೆಲ್ಲ ಹೊಂಬಣ್ಣದ ಮುಳ್ಳುಗೂದಲು, ಬಿಸಿಲಿಗೆ ಹೊಳೆಯುತ್ತಿತ್ತು. ಕಾಡು ಜಾತಿಯ ಬೀಜ ಆ ಚೀಲದಲ್ಲೇ ಬೆರೆತಿತ್ತು.

ತರಬೇತಿಯಲ್ಲಿ ಪಕ್ಕ ಕೂತಿದ್ದ ಕಂದಿಕೆರೆಯ ಮರಿಯಮ್ಮನಿಗೆ ಬೀಜ ಸಿಕ್ಕಿರಲಿಲ್ಲ. ತನ್ನ ಪಾಲಿನಲ್ಲಿ ಅರ್ಧ ಅವಳ ಸೆರಗಿಗೆ ಸುರಿದವಳು ಅನುಪಮಾ.

ಫೋನ್ ಮಾಡಿದರೆ ಸೊಸೆ ಎತ್ತಿದಳು. "ಅತ್ತೆ ತೋಟಕ್ಕೋಗವ್ರೆ ಕಣಕ್ಕ. ಫೋನ್ ಇಲ್ಲೇ ಬುಟ್ಟವ್ರೆ. ಕಾಯಿ ಬಲ್ತವೆ, ಬಿಡಿಸ್ಕೊಂಡು ಬತ್ತೀನಿ, ಕೇರಿಯೋರೆಲ್ಲ ಬೀಜ ಕೇಳ್ತಾವ್ರೆ ಅಂದ್ರು."

ಅನುಪಮಾ ಮೊಪೆಡ್ ಹತ್ತಿದಳು. ದಾರಿಯುದ್ದಕ್ಕೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬೇಲಿಯ ಮೇಲೆ ಯಾವ ಬಳ್ಳಿ ಕಂಡರೂ ಕಣ್ಣು ಅತ್ತ ಹೋಗುತ್ತಿತ್ತು. ಒಣಗಿದ ಕಾಯಿ ಕೀಳುವಾಗ ಕೂದಲು ಕಣ್ಣಿಗೆ ಬಿದ್ದಿದ್ದರೆ? ಕೇರಿಯವರೆಲ್ಲ ಬಿತ್ತಿದರೆ? ಚಿಕ್ಕನಾಯಕನಹಳ್ಳಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಚಿಲ್ಲರೆ ಈಸಿಕೊಳ್ಳುವುದನ್ನೂ ಮರೆತಳು.

ಮರಿಯಮ್ಮ ತೆಂಗಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಮಡಿಲ ತುಂಬ ಕಾಯಿ.

"ಬುಡಕ್ಕ! ಕೆಳಗ್ ಹಾಕು!" ಎಂದು ಅನುಪಮಾ ದೂರದಿಂದಲೇ ಕೂಗಿದಳು.

ಹತ್ತಿರ ಬಂದು ನೋಡಿದರೆ ಎಲ್ಲವೂ ಕಪ್ಪು ನವಿರಿನವು. ಅನುಪಮಾ ಪಕ್ಕದಲ್ಲೇ ಕೂತು ನಡೆದದ್ದನ್ನು ಹೇಳಿದಳು. ಮರಿಯಮ್ಮ ನಕ್ಕುಬಿಟ್ಟಳು.

"ನಿನ್ ಗಂಡನ್ದು ನಾಜೂಕು ಮೈ ಇರ್ಬೇಕು. ನಾನು ಬೆಳಗ್ನಿಂದ ಕೀಳ್ತಿದೀನಿ, ಏನಾಗೈತೆ?"

"ತೋಟ ಒಂದು ಸುತ್ತು ನೋಡ್ಬುಡಾಣ ಬಾಕ್ಕ."

ಪಂಪ್‌ಸೆಟ್ ಮನೆಯ ಹಿಂದೆ ಹೊಂಗೆ ಮರದ ಮೇಲೆ ಹೊಂಬಣ್ಣದ ಕಾಯಿ ಸಿಕ್ಕಿತು, ಗೊಂಚಲುಗೊಂಚಲಾಗಿ. ಅನುಪಮಾ ಬೇಡ ಬೇಡ ಎನ್ನುತ್ತಿದ್ದಂತೆಯೇ ಮರಿಯಮ್ಮ ಕೈಚಾಚಿ ಒಂದನ್ನು ಎಳೆದಳು. ಕಾಯಿ ಪಟ್ಟನೆ ಮುರಿದು ಕೂದಲು ಉದುರಿತು. ಮೊದಲು ಮೊಣಕೈ, ಆಮೇಲೆ ಕತ್ತು. ಅವಳು ಕೆರೆದುಕೊಳ್ಳುತ್ತ ಅಲ್ಲೇ ಕುಣಿದಳು.

ಸಗಣಿ ಬಳಿಸಿಕೊಳ್ಳುವಾಗ ಅವಳ ನಗು ಹೋಗಿತ್ತು. "ನೀನೇ ಅಲ್ವೇನೇ ಕೊಟ್ಟಿದ್ದು? ನೋಡಿ ಕೊಡಬಾರ್ದಿತ್ತಾ?"

"ಬೀಜದಾಗೆ ಗೊತ್ತಾಗಲಿಲ್ಲ ಕಣಕ್ಕ. ತಪ್ಪಾಯ್ತು. ಈಗ ಎಲ್ಲಾನೂ ಕೊಯ್ದುಬುಡಬೇಕು."

"ಎಲ್ಲಾನೂವಾ? ಮದ್ವೆಯಾಗಿ ಬಂದಾಗಿಂದ ಈ ತೋಟ ಇಷ್ಟು ಹಸಿರಾಗಿದ್ದು ನೋಡಿಲ್ಲ ಕಣೇ ನಾನು. ಆ ಒಂದು ಬುಡ ಕೊಯ್ದರೆ ಸಾಲದಾ?"

ಅನುಪಮಾ ತನ್ನ ತೋಟ ನೆನೆದಳು. ಹಾಲ್ಕುರಿಕೆಯಲ್ಲಿ ತಾನೂ ಇದನ್ನೇ ಮಾಡಬೇಕು. "ಕಾಯಿ ಬಿಡೋ ತನಕ ಯಾವುದು ಯಾವುದು ಅಂತ ಗೊತ್ತಾಗಲ್ಲ. ಇನ್ನೂ ಹೂವಲ್ಲೇ ಇರೋವು ಎಷ್ಟೋ ಅವೆ. ಬೀಜ ಉದುರಿದ ಮೇಲೆ ನಮ್ಮ ಕೈಲಿ ಹಿಡಿಯಕ್ಕಾಗಲ್ಲ."

ಮರಿಯಮ್ಮ ಎರಡು ಕುಡುಗೋಲು, ಗಂಡನ ಹಳೇ ತುಂಬುತೋಳಿನ ಅಂಗಿಗಳನ್ನು ತಂದಳು.

ಪೈಪ್ ಹಿಡಿದು ಹೊಂಗೆ ಮರ ತೊಯ್ಯುವಂತೆ ನೀರು ಬಿಟ್ಟರು. ಒದ್ದೆಯಾದರೆ ಕೂದಲು ಹಾರುವುದಿಲ್ಲ. ಆ ಗೊಂಚಲುಗಳನ್ನು ಗುಂಡಿ ತೋಡಿ ಹೂತರು. ಉಳಿದದ್ದನ್ನೆಲ್ಲ ಬುಡಕ್ಕೆ ಕೊಯ್ದು, ಕಾಯಿ ಆರಿಸಿ ತೆಗೆದು, ಸೊಪ್ಪನ್ನು ತೆಂಗಿನ ಪಾತಿಗೆ ಹರಡಿದರು. ಬೀಜದಲ್ಲಿ ಬೆರಕೆ ಇರಬಹುದೆಂದು, ಬಿಡಿಸಿಟ್ಟ ಕಪ್ಪು ಕಾಯಿಗಳನ್ನೂ ಮರಿಯಮ್ಮ ಒಲೆಗೆ ಹಾಕುತ್ತೇನೆಂದು ತಾನೇ ಹೊತ್ತು ಹೋದಳು. ಅನುಪಮಾ ಹೊರಟಾಗ "ಬತ್ತೀನಕ್ಕ" ಎಂದದ್ದಕ್ಕೆ ಅವಳು ಬರೀ ತಲೆಯಾಡಿಸಿದಳು.

ಚಳಿಗಾಲವೆಲ್ಲ ಅನುಪಮಾ ಫೋನ್ ಮಾಡಬೇಕೆಂದು ಎತ್ತುವುದು, ಇಡುವುದು ಮಾಡಿದಳು. ಬಳ್ಳಿಯೆಲ್ಲ ಕೊಯ್ದಿದ್ದ ಸ್ವಂತ ತೋಟದಲ್ಲಂತೂ ಅವಳು ಬಗ್ಗಿ ನೋಡದ ಜಾಗವಿರಲಿಲ್ಲ. ಕಾಂತೇಶ್ ಗೊಣಗುತ್ತಲೇ ಜೊತೆಗೆ ಬರುತ್ತಿದ್ದ.

ಮೊದಲ ಹದಮಳೆ ಬಿದ್ದ ಮೇಲೆ ಮರಿಯಮ್ಮನೇ ಫೋನ್ ಮಾಡಿದಳು. "ಮೊಳಕೆ ಎದ್ದವೆ ಕಣೇ, ಪಂಪ್‌ಸೆಟ್ ಹತ್ರ. ನೀನೇ ಬಂದು ಕಿತ್ತು ಹೋಗು."

ಅನುಪಮಾ ಹೋದಳು. ಇಬ್ಬರೂ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಮೊಳಕೆಯನ್ನು ಬೇರುಸಹಿತ ಕೀಳುತ್ತ ಹೋದರು. ಸೊಪ್ಪು ಕೊಳೆತ ಪಾತಿಗಳಲ್ಲಿ ಮಣ್ಣು ಮೆತ್ತಗಾಗಿ ಎರೆಹುಳು ಆಡುತ್ತಿದ್ದವು. ಮರಿಯಮ್ಮ ಒಂದು ಹಿಡಿ ಮಣ್ಣೆತ್ತಿ ಮೂಸಿದಳು.

"ಈ ಸಲ ಹುರಳಿ ಚೆಲ್ತೀನಿ. ನೆಲಾನೂ ಮುಚ್ಚುತ್ತೆ, ಬಸ್ಸಾರಿಗೂ ಆಗುತ್ತೆ. ನಿಂಗೂ ಬೀಜ ಬೇಕಾ?"

"ಕೊಡಕ್ಕ," ಎಂದಳು ಅನುಪಮಾ, "ಆದ್ರೆ ಆರಿಸಿ ಕೊಡು."

ಮರಿಯಮ್ಮ ಮಣ್ಣುಗೈಯಲ್ಲೇ ಅವಳ ಬೆನ್ನಿಗೊಂದು ಗುದ್ದಿ, ಕಾಫಿಗೆ ಎಬ್ಬಿಸಿಕೊಂಡು ಹೋದಳು.